ಷಡ್ಡಕನ ಮೇಲೆ ಹನ್ನೊಂದು ದಾವೆ

ನಗಬಾರದ ಜಾಗದಲ್ಲೇ ನಗು ಬರಿಸುವ ಪ್ರಸಂಗಗಳು ಎಲ್ಲರಿಗೂ ಆಗುತ್ತಲೇ ಇರುತ್ತವೆ. ಕೆಲವರಿಗೆ ಮದುವೆ ಮಂಟಪದಲ್ಲಿ, ಕೆಲವರಿಗೆ ಶೋಕಸಭೆಯಲ್ಲಿ. ನನಗೆ ಕೋರ್ಟ್ ಫೀಯ ಲೆಕ್ಕ ಹೇಳುವಾಗ.

ನಾನು ನಾಶಿಕದಲ್ಲಿ ಪೇಟೆಂಟ್ ವಕೀಲ. ಯಾರೋ ತಲೆ ಓಡಿಸಿ ಹೊಸದೊಂದು ಯಂತ್ರ ಮಾಡುತ್ತಾರೆ, ಅದರ ಹಕ್ಕನ್ನು ಸರ್ಕಾರದಿಂದ ಬರೆಸಿಕೊಳ್ಳುತ್ತಾರೆ. ಇನ್ಯಾರೋ ಅದನ್ನು ನೋಡಿ ಹಾಗೆಯೇ ಮಾಡಿ ಮಾರುತ್ತಾರೆ. ಮೊದಲನೆಯವರು ಸಿಟ್ಟಿನಿಂದ ನನ್ನ ಮೆಟ್ಟಿಲು ಹತ್ತುತ್ತಾರೆ. ನಮ್ಮ ಮನೆತನ ಕಲಬುರಗಿ ಕಡೆಯದು. ನಾನು ಓದಿದ್ದು ಇಂಗ್ಲಿಷ್ ಮೀಡಿಯಂ, ಪಾದ್ರಿಗಳ ಶಾಲೆ. ಅಲ್ಪವಿರಾಮ ತಪ್ಪಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಆ ಶಿಸ್ತು ಇಳಿದಿಲ್ಲ. ನನ್ನ ಕಚೇರಿಯಲ್ಲಿ ‘ಸುಮಾರು’, ‘ನೋಡೋಣ’, ‘ಆಗ್ತದ ಬಿಡ್ರಿ’ ಎಂಬ ಮಾತುಗಳಿಗೆ ಪ್ರವೇಶವಿಲ್ಲ. ಇನ್ನೊಂದು ನಿಯಮ: ಮೊದಲಿಂದ ಕೊನೆಯವರೆಗೆ ಎಷ್ಟು ಖರ್ಚು ಬರಬಹುದೆಂದು ನಾನು ಹೇಳಿ, ಕಕ್ಷಿದಾರರು ಅದನ್ನು ಕೇಳಿ, ಒಂದು ರಾತ್ರಿ ನಿದ್ದೆ ಮಾಡಿ ಬಂದ ಮೇಲೆಯೇ ದಾವೆಯ ಮಾತು. ಹಲವರು ನಿದ್ದೆ ಮಾಡಿ ಬರುವುದೇ ಇಲ್ಲ. ನಿದ್ದೆ ಬಂದಿರುವುದಿಲ್ಲ.

ರೇಟ್ ಬೋರ್ಡು

ಕರಾವಳಿಯಿಂದ ಬಂದು ಇಲ್ಲಿ ಸಸ್ಯಾಹಾರಿ ಹೋಟೆಲು ನಡೆಸುವವರೊಬ್ಬರು ಇಡ್ಲಿ ಪಾತ್ರೆಯಲ್ಲಿ ಆವಿ ಎಲ್ಲ ಕಡೆ ಸಮನಾಗಿ ಹಬ್ಬುವಂಥ ತಟ್ಟೆಯೊಂದನ್ನು ಮಾಡಿ ಪೇಟೆಂಟ್ ಪಡೆದಿದ್ದರು. ನಕಲು ಬಂತು. ನಾನು ಖರ್ಚು ಹೇಳಿದೆ. ಅವರು ನಿದ್ದೆ ಮಾಡಿ ಬರುತ್ತೇನೆಂದು ಹೋದವರು ಕೆಲವು ವರ್ಷ ಮಲಗಿಯೇ ಬಿಟ್ಟರು. ಎದ್ದು ಬರುವಷ್ಟರಲ್ಲಿ ರಾಜ್ಯದಲ್ಲಿ ಕೋರ್ಟ್ ಫೀ ಏರಿತ್ತು.

“ಅವತ್ತು ಹೇಳಿದ್ದು ಬೇರೆ, ಇವತ್ತು ಹೇಳುದು ಬೇರೆ!”

“ಅವತ್ತಿನ ಕಾನೂನು ಬೇರೆ. ಸರ್ಕಾರ ಏರಿಸಿದೆ.”

“ಏರಿಸಿದ್ದು ನಮಗೆ ಹೇಗೆ ಗೊತ್ತಾಗಬೇಕು ಮಾರಾಯ್ರೆ?”

“ಗೆಜೆಟ್ಟಿನಲ್ಲಿ ಪ್ರಕಟವಾಗುತ್ತದೆ.”

“ಗೆಜೆಟ್ಟು ಯಾರು ಓದ್ತಾರೆ? ನಾವು ಚಾಕ್ಕೆ ಎರಡು ರೂಪಾಯಿ ಏರಿಸಿದ್ರೆ ಗಲ್ಲಾದ ಹತ್ರ ಚೀಟಿ ಅಂಟಿಸ್ತೇವೆ. ‘ಗ್ರಾಹಕರು ಸಹಕರಿಸಬೇಕು’ ಅಂತ ಮೂರು ಭಾಷೆಯಲ್ಲಿ ಕೈ ಮುಗೀತೇವೆ. ನಿಮ್ಮ ಕೋರ್ಟು ಅಷ್ಟೂ ಮಾಡುದಿಲ್ಲವಾ?”

“ನೋಡಿ, ಕೋರ್ಟು ಹೋಟೆಲಲ್ಲ” ಎಂದೆ, ಸ್ವಲ್ಪ ಬಿಗಿಯಾಗಿಯೇ.

“ಅದು ಗೊತ್ತಾಯ್ತು” ಎಂದು ಅವರು ಎದ್ದರು. “ಹೋಟೆಲಲ್ಲಿ ದುಡ್ಡು ಕೊಟ್ಟ ದಿನವೇ ಊಟ ಸಿಗ್ತದೆ.”

ನಷ್ಟದ ಲಿಲಾವು

ಇವರು ಹೋದ ಮೇಲೆ ಬಂದವರದೇ ಉಳಿದ ಕಥೆಯೆಲ್ಲ. ಅವರನ್ನು ಕಾರ್ಖಾನೆಯವರು ಎನ್ನೋಣ. ಮೂಲ ಬೀದರ ಜಿಲ್ಲೆ. ಅಜ್ಜನ ಕಾಲಕ್ಕೆ ನಾಶಿಕಕ್ಕೆ ಬಂದು ನೆಲೆಸಿದವರು. ಮನೆಯಲ್ಲಿ ಕನ್ನಡ, ಶಾಲೆ ಪೂರ್ತಿ ಮರಾಠಿ. ಊರಂಚಿನ ಅಂಬಡದಲ್ಲಿ ತಗಡು ಮತ್ತು ಕಬ್ಬಿಣದ ಸಣ್ಣ ಕಾರ್ಖಾನೆ. ಅವರು ಮಾಡಿದ್ದು ಉಳ್ಳಾಗಡ್ಡಿಯ ಒಣಗಿದ ಬಾಲ ಕತ್ತರಿಸುವ ಯಂತ್ರ. ಬಾಗಿದ ಬಾಚಣಿಗೆಯಂಥ ಹಲ್ಲುಗಳ ಮೇಲೆ ಗಡ್ಡೆ ಉರುಳುತ್ತದೆ, ಬಾಲ ಹಲ್ಲುಗಳ ಸಂದಿಗೆ ಇಳಿಯುತ್ತದೆ, ಕೆಳಗಿನ ಅಲಗು ಕತ್ತರಿಸುತ್ತದೆ. ಗಡ್ಡೆಗೆ ಗೀರೂ ಬೀಳುವುದಿಲ್ಲ. ನಿಜವಾಗಿಯೂ ಜಾಣತನದ ಕೆಲಸ. ಪೇಟೆಂಟನ್ನು ನಾನೇ ಬರೆದುಕೊಟ್ಟಿದ್ದೆ.

ವೈಜಾಪುರದಲ್ಲಿ ಅದೇ ಯಂತ್ರ ಬೇರೆ ಬಣ್ಣ ಬಳಿದುಕೊಂಡು ಮಾರಾಟವಾಗುತ್ತಿತ್ತು.

“ಸಾಹೇಬ್ರ, ನನಗ ಒಂದು ಕೋಟಿ ನುಕ್ಸಾನ ಆಗ್ಯದ. ಕಡಿಮಿ ಇಲ್ಲ!”

“ಆಧಾರ?”

“ನನ್ನ ಎದಿ ಉರೀನೇ ಆಧಾರ್ರಿ.”

ಎದೆಯುರಿಯನ್ನು ಕೋರ್ಟು ದಾಖಲೆಯಾಗಿ ತೆಗೆದುಕೊಳ್ಳುವುದಿಲ್ಲ ಎಂದು ತಿಳಿಸಿ, ಮುಖ್ಯ ಸಂಗತಿ ಹೇಳಿದೆ: ಎಷ್ಟು ಪರಿಹಾರ ಕೇಳುತ್ತೀರೋ ಅದಕ್ಕೆ ತಕ್ಕಂತೆ ಕೋರ್ಟ್ ಫೀ ಮೊದಲೇ ಕಟ್ಟಬೇಕು. ಕೋಟಿಗೆ ಇಷ್ಟಾಗುತ್ತದೆ.

ಅವರು ಕೈಯಲ್ಲಿದ್ದ ಚಹಾದ ಕಪ್ಪನ್ನು ಕೆಳಗಿಟ್ಟರು.

“ಏನ್ರಿ ಇದು? ನನ್ನ ರೊಕ್ಕ ನಾ ವಾಪಸ್ ಕೇಳಾಕ ನಾನೇ ರೊಕ್ಕ ಕೊಡ್ಬೇಕಾ?”

“ಹೌದು.”

“ಐವತ್ತು ಲಕ್ಷಕ್ಕ?”

ಹೇಳಿದೆ.

“ಮೂವತ್ತಕ್ಕ?”

ಹೇಳಿದೆ. ಉಳ್ಳಾಗಡ್ಡಿ ಮಂಡಿಯಲ್ಲಿ ಲಿಲಾವು ಕೂಗುವುದನ್ನು ಜೀವಮಾನವಿಡೀ ಕೇಳಿದವರು ಅವರು. ಅಲ್ಲಿ ದರ ಏರುತ್ತ ಹೋಗುತ್ತದೆ, ನನ್ನ ಮೇಜಿನ ಮೇಲೆ ಇಳಿಯುತ್ತ ಹೋಯಿತು. ನಾನು ತಡೆದೆ. “ನಿಲ್ಲಿಸಿ. ನಷ್ಟ ಎಂಬುದು ಹರಾಜಿನ ಮಾಲಲ್ಲ. ಆದದ್ದು ಎಷ್ಟೋ ಅಷ್ಟೇ ಹೇಳಬೇಕು. ಸತ್ಯವಾಗಿ ಎಷ್ಟು ನಷ್ಟವಾಗಿದೆ?”

ಅವರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು, ದನಿ ತಗ್ಗಿಸಿ, ಗುಟ್ಟು ಹೇಳುವವರಂತೆ ಹೇಳಿದರು: “ಸಾಹೇಬ್ರ, ಯಾವ ನುಕ್ಸಾನಕ್ಕ ಫೀ ಕಡಿಮಿ ಬೀಳ್ತದ ಅದನ್ನ ನೀವು ಹೇಳ್ರಿ. ಖರೇನ ಹೇಳ್ತೀನಿ, ನನಗ ಅಷ್ಟೇ ಆಗ್ಯದ.”

ಕೆಲಸವಿಲ್ಲದ ಬೋಲ್ಟು

“ನಕಲು ಮಾಡಿದವರು ಯಾರು, ಗೊತ್ತಿದೆಯೇ?” ಎಂದು ಕೇಳಿದೆ.

“ಗೊತ್ತದ್ರಿ.”

“ಹೆಸರು, ವಿಳಾಸ?”

ಅವರು ಕಿಟಕಿಯ ಹೊರಗೆ ನೋಡಿದರು. “ನಮ್ಮ ಷಡ್ಡಕ.”

ಹೆಂಡತಿಯ ತಂಗಿಯ ಗಂಡ! ವೈಜಾಪುರದಲ್ಲಿ ಕೃಷಿ ಸಲಕರಣೆಗಳ ಅಂಗಡಿ, ಹಿಂದುಗಡೆ ವೆಲ್ಡಿಂಗ್ ಶೆಡ್ಡು. ಹೊಸ ಮನೆಯ ವಾಸ್ತುಶಾಂತಿಗೆಂದು ಇವರನ್ನೂ ಕರೆದಿದ್ದರಂತೆ. ಊಟವಾದ ಮೇಲೆ ಷಡ್ಡಕ ನೆಂಟರನ್ನೆಲ್ಲ ಶೆಡ್ಡಿಗೆ ಕರೆದೊಯ್ದು, “ನೋಡ್ರಿ, ನಮ್ಮ ಹೊಸಾ ಮಶೀನು” ಎಂದು ಹೊದಿಕೆ ತೆಗೆದರೆ, ಇವರದೇ ಯಂತ್ರ, ಹಸಿರು ಬಣ್ಣದಲ್ಲಿ.

“ಅವರೇ ಸ್ವಂತವಾಗಿ ಯೋಚಿಸಿ ಮಾಡಿರಬಹುದಲ್ಲ?” ಎಂದೆ. ವಕೀಲನಾದವನು ಕೇಳಲೇಬೇಕಾದ ಪ್ರಶ್ನೆ.

“ಹೆಂಗ ಯೋಚನಾ ಮಾಡ್ತಾನ್ರಿ? ನನ್ನ ಮೊದಲನೇ ಮಶೀನಿನ್ಯಾಗ ಎಡಗಡೆ ಒಂದು ತೂತು ತಪ್ಪಿ ಬಿತ್ತು. ಛಂದ ಕಾಣಂಗಿಲ್ಲಂತ ಅದಕ್ಕೊಂದು ಬೋಲ್ಟ್ ಹಾಕಿ ಮುಚ್ಚಿದೆ. ಆ ಬೋಲ್ಟು ಏನೂ ಹಿಡಿದಿಲ್ಲ, ಏನೂ ಬಿಟ್ಟಿಲ್ಲ, ಸುಮ್ಮನ ನಿಂತದ. ಅವನ ಮಶೀನಿನ್ಯಾಗೂ ಅದೇ ಜಾಗಾದಾಗ ಅದೇ ಬೋಲ್ಟು ಅದ!”

“ಅಲ್ಲೇ ಏಕೆ ಕೇಳಲಿಲ್ಲ?”

“ಹೆಂಗ ಕೇಳ್ಲಿ ಸಾಹೇಬ್ರ? ಬಾಯಾಗ ಇನ್ನೂ ಅವನ ಮನಿ ಹೋಳಿಗಿ ಇತ್ತು.”

ಸೋತವನಿಗೊಂದು, ಗೆದ್ದವನಿಗೊಂದು

ನಗೆಯ ನಡುವೆ ಅವರ ಸಂಕಟ ನನಗೆ ತಿಳಿದಿತ್ತು. ಬಹಳ ದಿನದಿಂದ ಕೂಡಿಸಿದ ಹಣ ಅವರ ಬಳಿ ಇತ್ತು. ತಗಡು ಬಗ್ಗಿಸುವ ಹೊಸ ಪ್ರೆಸ್ ಕೊಳ್ಳಬೇಕೆಂದು ಇಟ್ಟದ್ದು. ಅದು ಬಂದರೆ ಮುಂದಿನ ಉಳ್ಳಾಗಡ್ಡಿ ಸುಗ್ಗಿಗೆ ಕೇಳಿದಷ್ಟು ಯಂತ್ರ ಕೊಡಬಹುದು. ಆ ಹಣವನ್ನು ಕೋರ್ಟಿಗೆ ಸುರಿದರೆ ಪ್ರೆಸ್ ಇಲ್ಲ. ಸುರಿಯದಿದ್ದರೆ ಷಡ್ಡಕ ವೈಜಾಪುರದಿಂದ ಸಿಲ್ಲೋಡಿನವರೆಗೆ ಮಾರಿ ಮುಗಿಸುತ್ತಾನೆ, ಆಮೇಲೆ ಪ್ರೆಸ್ ಬಂದರೂ ಕೊಳ್ಳುವವರಿಲ್ಲ.

ನಾನು ಹಂತ ಹಂತವಾಗಿ ವಿವರಿಸಿದೆ. ಸುಗ್ಗಿ ಮುಗಿದಿರುವುದರಿಂದ ತುರ್ತು ತಡೆಯಾಜ್ಞೆ ಬೇಕಿಲ್ಲ. ಹಾಗಾಗಿ ಮೊದಲು ವೈಜಾಪುರದ ಜಿಲ್ಲಾಕೇಂದ್ರವಾದ ಸಂಭಾಜಿನಗರದಲ್ಲಿ ಮಧ್ಯಸ್ಥಿಕೆಗೆ ಹೋಗಲೇಬೇಕು, ಅದು ಕಡ್ಡಾಯ. ಅದರ ಶುಲ್ಕ ಸಣ್ಣದು. ಅಲ್ಲಿ ಆಗದಿದ್ದರೆ ಜಿಲ್ಲಾ ಕೋರ್ಟಿನಲ್ಲಿ ದಾವೆ, ಪೂರ್ತಿ ಕೋರ್ಟ್ ಫೀ. ಎದುರಿನವರು ‘ಈ ಪೇಟೆಂಟೇ ರದ್ದಾಗಬೇಕು’ ಎಂದು ಪ್ರತಿಯಾಗಿ ಕೇಳಿದರೆ ಪ್ರಕರಣ ಹೈಕೋರ್ಟಿಗೆ. ಅಲ್ಲಿ ಹಿರಿಯ ವಕೀಲರು, ತಜ್ಞರು, ಹೊಸ ಖರ್ಚು. ಸೋತರೆ ಎದುರಿನವರ ಖರ್ಚೂ ನಮ್ಮ ತಲೆಗೆ. ಗೆದ್ದರೂ ನಮ್ಮದು ಪೂರ್ತಿ ವಾಪಸು ಬರುತ್ತದೆಂಬ ಭರವಸೆ ಇಲ್ಲ. ಎರಡಕ್ಕೂ ಬೇರೆ ಬೇರೆ ಮೊತ್ತ ಹಾಕಿ ಹಾಳೆಯನ್ನು ಅವರತ್ತ ತಿರುಗಿಸಿದೆ.

ಅವರು ಬಹಳ ಹೊತ್ತು ನೋಡಿದರು.

“‘ಗೆದ್ದವ ಸೋತ, ಸೋತವ ಸತ್ತ’ ಅಂತ ನಮ್ಮ ಅಜ್ಜ ಹೇಳ್ತಿದ್ದ. ಪುಕ್ಕಟೆ ಹೇಳ್ತಿದ್ದ. ನೀವು ಅದಕ್ಕ ಫೀ ತಗೊಂಡು ಕೋಷ್ಟಕ ಹಾಕಿ ಕೊಟ್ಟೀರಿ, ಅಷ್ಟೇ ಫರಕು.”

ಆದರೂ ನಿದ್ದೆ ಮಾಡಿ ಬಂದರು. ಮಧ್ಯಸ್ಥಿಕೆಗೆ ಅರ್ಜಿ ಹಾಕಲು ಒಪ್ಪಿದರು.

ಅಕರಾ ದಾವೆ

ಇಲ್ಲಿ ಒಂದು ಶಬ್ದದ ವಿಷಯ ಹೇಳಬೇಕು. ಪೇಟೆಂಟಿನ ಕೊನೆಯಲ್ಲಿ ‘ಇದು ನನ್ನದು, ಇದೂ ನನ್ನದು’ ಎಂದು ಹಕ್ಕಿನ ಅಂಶಗಳನ್ನು ಒಂದೊಂದಾಗಿ ಬರೆಯುತ್ತೇವೆ. ಇಂಗ್ಲಿಷಿನಲ್ಲಿ ಅದಕ್ಕೆ ಕ್ಲೇಮ್ ಎನ್ನುತ್ತಾರೆ. ಇವರ ಪೇಟೆಂಟಿನಲ್ಲಿ ಹನ್ನೊಂದು ಕ್ಲೇಮುಗಳಿದ್ದವು. “ಹನ್ನೊಂದೂ ಗಟ್ಟಿಯಾಗಿವೆ” ಎಂದು ನಾನು ಹೇಳಿದ್ದೆ.

ಕಾರ್ಖಾನೆಯವರು ಖುಷಿಯಿಂದ ಮನೆಗೆ ಹೋದರು. ಕ್ಲೇಮ್ ಎಂಬುದಕ್ಕೆ ಮರಾಠಿ ಪತ್ರಿಕೆಗಳಲ್ಲಿ ‘ದಾವಾ’ ಎಂದು ಬರೆಯುತ್ತಾರೆ. ಒಂದಕ್ಕಿಂತ ಹೆಚ್ಚಿದ್ದರೆ ‘ದಾವೆ’; ಹನ್ನೊಂದಕ್ಕೆ ‘ಅಕರಾ’. ಮರಾಠಿ ಶಾಲೆಯ ಈ ಮನುಷ್ಯ ಹೆಂಡತಿಗೆ ಹೇಳಿದರು: “ಚಿಂತಿ ಮಾಡಬ್ಯಾಡ. ಸಾಹೇಬ್ರು ಅಕರಾ ದಾವೆ ಅವ ಅಂದಾರ.”

ಹೆಂಡತಿ ಭಾಲ್ಕಿಯಲ್ಲಿ ಕನ್ನಡ ಶಾಲೆ ಓದಿದವರು. ಕನ್ನಡದಲ್ಲಿ ದಾವೆ ಎಂದರೆ ಕೋರ್ಟು ಕೇಸು; ಬೇರೆ ಅರ್ಥವಿಲ್ಲ. ಆ ತಾಯಿಗೆ ತಲೆ ತಿರುಗಿತು. ಸ್ವಂತ ತಂಗಿಯ ಗಂಡನ ಮೇಲೆ ಹನ್ನೊಂದು ಕೇಸು! ತಂಗಿಗೆ ಫೋನು ಹಚ್ಚಿದರು. ಅಕ್ಕತಂಗಿಯರ ನಡುವೆ ದಿನಾ ಮಧ್ಯಾಹ್ನ ಫೋನು ಇದ್ದದ್ದೇ. ಗಂಡಂದಿರ ಜಗಳಕ್ಕಾಗಿ ಅದನ್ನು ನಿಲ್ಲಿಸುವುದು ಇಬ್ಬರಿಗೂ ಹೊಳೆದಿರಲಿಲ್ಲ. ಕಕ್ಷಿದಾರರ ಗುಟ್ಟು ಕಾಯುವುದರಲ್ಲಿ ನಾನು ಬಹಳ ಕಟ್ಟುನಿಟ್ಟು. ನನ್ನ ಕಪಾಟಿಗೆ ಎರಡು ಬೀಗ. ನಾನು ಬೀಗ ಹಾಕುವ ಹೊತ್ತಿಗೆ ವಿಷಯ ವೈಜಾಪುರದಲ್ಲಿ ಚಹಾ ಕುಡಿಯುತ್ತಿರುತ್ತಿತ್ತು ಎಂಬುದು ಆಮೇಲೆ ತಿಳಿಯಿತು.

ನನಗೆ ಇದ್ಯಾವುದೂ ಗೊತ್ತಿಲ್ಲ. ಸಂಭಾಜಿನಗರದಿಂದ ಒಬ್ಬ ವಕೀಲರು ಫೋನು ಮಾಡಿದರು. ಷಡ್ಡಕನ ಪರ. ಜಮೀನು ವ್ಯಾಜ್ಯಗಳಲ್ಲಿ ಹೆಸರಾದವರು, ಪೇಟೆಂಟು ಅವರಿಗೆ ಹೊಸದು. ಮಾತು ಮರಾಠಿಯಲ್ಲಿ. ಮರಾಠಿಯಲ್ಲಿ ಕ್ಲೇಮಿಗೂ ದಾವಾ, ಕೋರ್ಟಿನ ಕೇಸಿಗೂ ದಾವಾ.

“ನಮಸ್ಕಾರ. ಅಕರಾ ದಾವೆ ಅಂತ ಕೇಳಿದೆ. ನಿಜವೇ?”

“ನಿಜ. ಹನ್ನೊಂದು.”

“ಎಲ್ಲಾ ಒಬ್ಬನ ಮೇಲೇನಾ?”

ವಿಚಿತ್ರ ಪ್ರಶ್ನೆ ಅನಿಸಿತು. ಆದರೆ ಕೇಳಿದ್ದಕ್ಕೆ ನಿಖರವಾಗಿ ಉತ್ತರಿಸುವುದು ನನ್ನ ಅಭ್ಯಾಸ. “ಹನ್ನೊಂದೂ ನಿಮ್ಮ ಕಕ್ಷಿದಾರರ ಯಂತ್ರಕ್ಕೆ ಅನ್ವಯಿಸುತ್ತವೆ.”

“ಒಂದೆರಡು ಬಿಡಬಹುದಲ್ಲ?”

“ಒಂದನ್ನೂ ಬಿಡುವುದಿಲ್ಲ. ಮೊದಲನೆಯದೇ ಮುಖ್ಯ, ಉಳಿದ ಹತ್ತೂ ಅದರ ಹೊಟ್ಟೆಯಿಂದಲೇ ಹುಟ್ಟಿದವು.”

ಅವರು ಮೆಲ್ಲಗೆ ಹೇಳಿದರು: “ವಕೀಲ ಸಾಹೇಬ್, ಮೂವತ್ತು ವರ್ಷ ಕೋರ್ಟಿನಲ್ಲಿದ್ದೇನೆ. ದಾವೆ ಮರಿ ಹಾಕುವುದನ್ನು ಇವತ್ತೇ ಕೇಳಿದ್ದು.”

ಸತ್ಯಕ್ಕೆ ಫೀ ಇಲ್ಲ

ಮರುದಿನ ಕಾರ್ಖಾನೆಯವರ ಹೆಂಡತಿ ನನ್ನ ಕಚೇರಿಗೆ ಬಂದರು. ತಲೆಯ ಮೇಲೆ ಸೆರಗು, ಕಣ್ಣು ಕೆಂಪು.

“ಸಾಹೇಬ್ರ, ನಿಮಗ ಕೈ ಮುಗೀತೀನಿ. ಹಾಕೂದಿದ್ರ ಒಂದು ಹಾಕ್ರಿ. ಹನ್ನೊಂದ್ಯಾಕ್ರಿ? ನಮ್ಮ ಮಾವ ಸತ್ತಾಗ ಆಸ್ತಿಗೆ ಒಂದೇ ದಾವೆ ನಡೀತು, ಅದರಾಗ ನನ್ನ ಕೈಯಾನ ಬಂಗಾರದ ಬಿಲವಾರ ಹೋದ್ವು. ಹನ್ನೊಂದಕ್ಕ ಫೀ ಕಟ್ಟಾಕ ನನ್ನ ಕೈ ಎಷ್ಟು ಅವ್ರಿ?”

ಅರ್ಥ ಮಾಡಿಕೊಳ್ಳಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಸಂಭಾಜಿನಗರದ ಫೋನು ನೆನಪಾಗಿ, ಆ ವಕೀಲರೂ ಹೀಗೆಯೇ ತಿಳಿದುಕೊಂಡರೆಂಬುದು ಹೊಳೆಯಿತು. ಆ ತಾಯಿಗೆ ತಿಳಿಸಿ ಹೇಳಿದೆ: ದಾವೆ ಒಂದೇ, ಅದೂ ಇನ್ನೂ ಹೂಡಿಲ್ಲ. ಹನ್ನೊಂದು ಎಂದದ್ದು ಹಕ್ಕಿನ ಅಂಶಗಳು. ಅವರು ಕಣ್ಣೊರೆಸಿಕೊಂಡು, “ಅಂಶ ಅನ್ನಬೇಕಿಲ್ಲೇನ್ರಿ ಅವರು? ಮನಿ ಮಂದೀನೆಲ್ಲ ಅಳಿಸಿದ್ರು” ಎಂದು ಗಂಡನನ್ನು ಬೈದು ಹೋದರು. ಹೋಗುವಾಗ, ತಂಗಿಗೆ ತಾವಾಗಿ ಏನೂ ಹೇಳಬೇಡಿ, ವಕೀಲರಿಗೆ ನಾನೇ ತಿಳಿಸುತ್ತೇನೆ ಎಂದು ಮಾತು ತೆಗೆದುಕೊಂಡೆ.

ಸಂಜೆ ಕಾರ್ಖಾನೆಯವರು ಓಡಿ ಬಂದರು. ಮುಖದಲ್ಲಿ ಹಬ್ಬ.

“ಸಾಹೇಬ್ರ! ಷಡ್ಡಕ ನಡುಗಿ ಹೋಗ್ಯಾನಂತ. ‘ಹನ್ನೊಂದು ದಾವೆಗೆ ವಕೀಲರ ಫೀ ಕೊಟ್ರ ಅಂಗಡಿ ಮಾರ್ಬೇಕು, ರಾಜಿ ಆಗೂಣು’ ಅನ್ನಾಕತ್ಯಾನಂತ!”

“ಅವರಿಗೆ ತಪ್ಪು ತಿಳಿವಳಿಕೆ ಆಗಿದೆ. ನಾನು ಸರಿಪಡಿಸುತ್ತೇನೆ.”

ಹಬ್ಬ ಇಳಿಯಿತು. “ಯಾಕ್ರಿ?”

“ಸುಳ್ಳಿನ ಹೆದರಿಕೆಯ ಮೇಲೆ ಮಾಡಿದ ರಾಜಿ ರಾಜಿಯಲ್ಲ.”

“ಸುಳ್ಳು ನಾವೆಲ್ಲಿ ಹೇಳೀವಿ? ಅವನೇ ತಿಳ್ಕೊಂಡಾನ. ತಿಳ್ಕೊಳ್ಳೂದು ಅವನ ಹಕ್ಕು.”

ನಾನು ಅವರೆದುರೇ ಸಂಭಾಜಿನಗರಕ್ಕೆ ಫೋನು ಮಾಡಿದೆ. ಆ ವಕೀಲರು ಎತ್ತಲಿಲ್ಲ. ನನ್ನ ಹೆಸರು ಕಂಡರೇ ಎತ್ತುತ್ತಿರಲಿಲ್ಲವೋ ಏನೋ. ಆ ವಾರವಿಡೀ ಹಾಗೆಯೇ ಆಯಿತು. ಕೊನೆಗೆ, “ಮಧ್ಯಸ್ಥಿಕೆಯ ದಿನ ಎಲ್ಲರ ಎದುರು ಹೇಳುತ್ತೇನೆ. ಸಹಿಗೆ ಮೊದಲು” ಎಂದೆ.

ಕಾರ್ಖಾನೆಯವರು ನಿಟ್ಟುಸಿರು ಬಿಟ್ಟರು. “ಎಲ್ಲಾದಕ್ಕೂ ಕೋರ್ಟ್ ಫೀ ಇಟ್ಟಾರ, ಖರೆ ಹೇಳೂದಕ್ಕ ಇಟ್ಟಿಲ್ಲ ನೋಡ್ರಿ. ಇಟ್ಟಿದ್ರ ನೀವೂ ಒಂದು ರಾತ್ರಿ ನಿದ್ದಿ ಮಾಡಿ ಬರ್ತಿದ್ರಿ.”

ಸಂಭಾಜಿನಗರದಲ್ಲಿ

ನಿಗದಿಯಾದ ದಿನ ಕಾರ್ಖಾನೆಯವರ ಕಾರಿನಲ್ಲಿ ಹೊರಟೆವು. ಅವರ ಹೆಂಡತಿಯೂ ಬಂದರು, ತಂಗಿಗೆಂದು ಶೇಂಗಾ ಹೋಳಿಗೆಯ ಡಬ್ಬಿಯೊಂದಿಗೆ. ನನ್ನ ಕಡತಗಳ ಚೀಲದಲ್ಲಿ ಜಾಗವಿದೆಯೆಂದು ಡಬ್ಬಿಯನ್ನೂ ಅದರಲ್ಲೇ ಇಟ್ಟರು. ಎದುರಾಳಿಯ ಮೇಲಿನ ಆರೋಪಪಟ್ಟಿಗೆ ತುಪ್ಪ ಸವರಿದ ವಕೀಲ ನಾನೊಬ್ಬನೇ ಇರಬೇಕು.

ಮೊದಲ ಗಲಾಟೆ ಶುಲ್ಕದ ಕಿಟಕಿಯಲ್ಲಿ. ಮಧ್ಯಸ್ಥಿಕೆಯ ಶುಲ್ಕವನ್ನು ಎರಡೂ ಕಡೆಯವರು ಅರ್ಧರ್ಧ ಕಟ್ಟಬೇಕು. ಫೀ ಎಂದರೆ ಬೆಚ್ಚಿ ಬೀಳುವ ನನ್ನ ಕಕ್ಷಿದಾರರು ಷಡ್ಡಕನ ಪಾಕೀಟು ಹೊರಬಂದದ್ದು ಕಂಡದ್ದೇ ಮುಂದೆ ನುಗ್ಗಿದರು.

“ಏ, ಒಳಗಿಡು! ಹಿರೇ ಅಳಿಯ ನಾ ಇರೂಮುಂದ ನೀ ಯಾಕ ಕೊಡ್ತಿ?”

“ಇಲ್ಲಣ್ಣಾ, ನೀವು ನಮ್ಮ ಕಡಿ ಬಂದೀರಿ. ಸಂಭಾಜಿನಗರ ಅಂದ್ರ ನಮ್ಮ ಜಿಲ್ಲಾ. ನಾ ಕೊಡ್ತೀನಿ.”

“ನಿನ್ನ ಮ್ಯಾಲ ಕೇಸ್ ಹಾಕಾಂವ ನಾನು. ನಾ ಕೊಡ್ತೀನಿ!”

ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದು ತಳ್ಳುತ್ತಿದ್ದರು. ಕಿಟಕಿಯೊಳಗಿನ ಗುಮಾಸ್ತರು ಹೊಡೆದಾಟವೆಂದು ತಿಳಿದು ಪೊಲೀಸರನ್ನು ಕರೆಯಲೇ ಎಂದು ಕೇಳಿದರು. ನಿಯಮದಂತೆ ಅರ್ಧರ್ಧವೇ ಕಟ್ಟಿಸಿದೆ. ಇಬ್ಬರಿಗೂ ನನ್ನ ಮೇಲೆ ಬೇಸರವಾಯಿತು.

ಮಧ್ಯಸ್ಥರು ನಿವೃತ್ತ ನ್ಯಾಯಾಧೀಶೆ, ಮರಾಠಿಯವರು. ಅಕ್ಕತಂಗಿಯರು ಹೊರಗೆ ಬೆಂಚಿನ ಮೇಲೆ ಡಬ್ಬಿ ಬಿಚ್ಚಿ ಕೂತರು. ಒಳಗೆ ನಾವು ಎರಡು ಯಂತ್ರಗಳ ಫೋಟೋ ಮೇಜಿನ ಮೇಲೆ ಇಟ್ಟೆವು. ಮಧ್ಯಸ್ಥರ ಕಣ್ಣು ಆ ಬೋಲ್ಟಿನ ಮೇಲೆಯೇ ಬಿತ್ತು.

“ಇದು ಏತಕ್ಕೆ?” ಎಂದು ಷಡ್ಡಕನನ್ನು ಕೇಳಿದರು.

“ಬ್ಯಾಲೆನ್ಸ್ ಮೇಡಂ” ಎಂದನು ಅವನು ಗಂಭೀರವಾಗಿ. “ಅದಿಲ್ಲಂದ್ರ ಮಶೀನು ಕುಣೀತದ.”

“ಏನೂ ಕುಣಿಯಂಗಿಲ್ಲ” ಎಂದರು ಕಾರ್ಖಾನೆಯವರು. “ಅದು ತಪ್ಪು ತೂತು. ಹೋದ ಸುಗ್ಗಿಯಿಂದ ನಾ ಆ ಬೋಲ್ಟ್ ತೆಗೆದೇ ಬಿಟ್ಟೀನಿ.”

ಷಡ್ಡಕ ತಿರುಗಿದ. ಮುಖದಲ್ಲಿ ನಿಜವಾದ ನೋವಿತ್ತು. “ತೆಗೆದ್ರೂ ನಡೀತದಾ? ಮೊದ್ಲೇ ಹೇಳಬೇಕಿಲ್ಲೇನಣ್ಣಾ! ಎಷ್ಟು ಬೋಲ್ಟ್ ದಂಡ ಆದ್ವು!”

ಅವನ ವಕೀಲರು ಕಣ್ಣು ಮುಚ್ಚಿಕೊಂಡರು. ಅಲ್ಲಿಗೆ ನಕಲಿನ ಪ್ರಶ್ನೆ ಮುಗಿಯಿತು.

ನಾನು ಒಂದು ದಾರಿ ಮುಂದಿಟ್ಟೆ. ಷಡ್ಡಕ ಯಂತ್ರ ಮಾಡಲಿ, ಮರಾಠವಾಡದಲ್ಲಿ ಮಾರಲಿ. ಆದರೆ ಪರವಾನಗಿ ಪಡೆದು, ಪ್ರತಿ ಯಂತ್ರಕ್ಕೂ ಇಷ್ಟೆಂದು ರಾಯಲ್ಟಿ ಕೊಡಲಿ. ಬಾಚಣಿಗೆಯ ಭಾಗ ಮಾತ್ರ ನಾಶಿಕದಿಂದಲೇ ಹೋಗಲಿ. ಷಡ್ಡಕ ಎದ್ದು ನಿಂತ.

“ರಾಯಲ್ಟಿ ಯಾಕ್ರಿ? ನಾ ಏನು ಮುರುಮ್ ಅಗೀತೀನೇನು? ಹೊಳ್ಯಾಗಿನ ಉಸುಕು ತಗೀತೀನೇನು?”

ನಮ್ಮ ಹಳ್ಳಿಗಳಲ್ಲಿ ರಾಯಲ್ಟಿ ಎಂದರೆ ಮುರುಮ್ ಎಂಬ ಗರಸು ಮಣ್ಣು, ಮರಳು ಎತ್ತುವವರು ತಹಸೀಲ್ದಾರರಿಗೆ ಕಟ್ಟುವ ಹಣ. ಬೇರೆ ರಾಯಲ್ಟಿ ಅವನು ಕೇಳಿಯೇ ಇರಲಿಲ್ಲ. ಮಧ್ಯಸ್ಥರು ತಿಳಿಸಿ ಹೇಳಿದರು: ಮುರುಮಿನ ಬದಲು ಅಣ್ಣನ ತಲೆಯನ್ನು ಅಗೆದಿದ್ದೀಯ, ಅದಕ್ಕೆ ಇದು. ಅವನು ಸ್ವಲ್ಪ ಯೋಚಿಸಿ, “ತಹಸೀಲ್ದಾರ್ಗೆ ಕೊಡೂದಲ್ಲಲ್ಲ? ಅಣ್ಣಾಗಾದ್ರ ನಡೀತದ” ಎಂದು ಕೂತ.

ದರ ಕುದುರಿತು. ಕರಡು ಸಿದ್ಧವಾಗುವ ಹೊತ್ತಿಗೆ ನಾನು ಗಂಟಲು ಸರಿಮಾಡಿಕೊಂಡೆ. ಪಕ್ಕದಲ್ಲಿ ಕಾರ್ಖಾನೆಯವರು ಮೇಜಿನ ಕೆಳಗೆ ನನ್ನ ಅಂಗಿಯ ಅಂಚು ಹಿಡಿದು ಜಗ್ಗಿದರು. ನಾನು ಬಿಡಿಸಿಕೊಂಡೆ.

“ಸಹಿಗೆ ಮೊದಲು ಒಂದು ಸ್ಪಷ್ಟನೆ. ಹನ್ನೊಂದು ದಾವೆ ಎಂಬುದು ತಪ್ಪು ತಿಳಿವಳಿಕೆ. ಹನ್ನೊಂದು ಇರುವುದು ಪೇಟೆಂಟಿನ ಕ್ಲೇಮುಗಳು. ಕೋರ್ಟಿನ ದಾವೆ ಹೂಡಿದ್ದರೆ ಒಂದೇ ಆಗುತ್ತಿತ್ತು. ಅದನ್ನೂ ಹೂಡಿಲ್ಲ.”

ಷಡ್ಡಕನ ವಕೀಲರು ಕಡತ ಮುಚ್ಚಿ, “ಹಾಗಾದರೆ ನಾವು ಮತ್ತೊಮ್ಮೆ ವಿಚಾರ ಮಾಡಬೇಕಾಗುತ್ತದೆ” ಎಂದರು. ಕಾರ್ಖಾನೆಯವರು ನನ್ನನ್ನು ನೋಡಿದ ನೋಟದಲ್ಲಿ ಅವರ ಪ್ರೆಸ್ಸು, ಸುಗ್ಗಿ, ಸಿಲ್ಲೋಡಿನ ಗಿರಾಕಿಗಳು ಎಲ್ಲ ಒಟ್ಟಿಗೆ ಮುಳುಗುತ್ತಿದ್ದವು.

“ಒಂದೇ?” ಎಂದ ಷಡ್ಡಕ.

“ಒಂದೇ.”

“ಅದೂ ಹಾಕಿಲ್ಲ?”

“ಹಾಕಿಲ್ಲ.”

ಅವನ ಮುಖ ಕೆಂಪಾಯಿತು. “ಇದೆಂಥಾ ಅನ್ಯಾಯ್ರಿ! ವೈಜಾಪುರದ ಮಂಡ್ಯಾಗ ನಾ ಎಲ್ಲಾರಿಗೂ ಹನ್ನೊಂದು ಅಂತ ಹೇಳೀನಿ. ಮೊನ್ನೆ ದಲಾಲರು ಎದ್ದು ನಿಂತು ನನಗ ಖುರ್ಚಿ ಕೊಟ್ಟಾರ. ‘ಹನ್ನೊಂದು ದಾವೆ ಮೈಮ್ಯಾಲ ಹಾಕ್ಕೊಂಡೂ ನಗ್ತಾನ ನೋಡು, ಗಂಡಸು’ ಅಂದಾರ. ಈಗ ಹೋಗಿ ಒಂದೂ ಇಲ್ಲ, ಇಲ್ಲದ ದಾವೆಗೆ ಹೆದರಿ ಸಹಿ ಮಾಡಿ ಬಂದೆ ಅಂತ ಹೆಂಗ ಹೇಳ್ಲಿ? ಖುರ್ಚಿ ಹೋಗ್ಲಿ, ನಿಂದ್ರಾಕ ಜಾಗಾ ಕೊಡಂಗಿಲ್ಲ.” ಮೇಜು ಬಡಿದ. “ರಾಯಲ್ಟಿ ಕೊಡ್ತೀನಿ, ಪರವಾನಗಿ ತಗೋತೀನಿ. ಆದ್ರ ರಾಜಿ ಆಗೂದಿದ್ರ ಹನ್ನೊಂದಕ್ಕ ಆಗ್ತೀನಿ. ಒಂದಕ್ಕ ಆಗಂಗಿಲ್ಲ!”

“ಇಲ್ಲದ್ದನ್ನು ನಾನು ಬರೆಯುವುದಿಲ್ಲ” ಎಂದೆ.

“ಸಾಹೇಬ್ರ…” ಎಂದರು ಕಾರ್ಖಾನೆಯವರು, ಅಳುವ ದನಿಯಲ್ಲಿ.

ಮಧ್ಯಸ್ಥರು ಅಷ್ಟು ಹೊತ್ತು ಸುಮ್ಮನೆ ಕರಡು ನೋಡುತ್ತಿದ್ದವರು ಅದನ್ನು ನನ್ನ ಮುಂದಿಟ್ಟು ಒಂದು ಸಾಲಿನ ಕೆಳಗೆ ಬೆರಳಿಟ್ಟರು. ಮರಾಠಿಯಲ್ಲಿ ನಾನೇ ಬರೆಸಿದ ಸಾಲು. ಕ್ಲೇಮಿಗೆ ಮರಾಠಿಯಲ್ಲಿ ಇರುವುದು ಒಂದೇ ಶಬ್ದವಾದ್ದರಿಂದ ಅದು ಹೀಗಿತ್ತು: ಸದರಿ ಯಂತ್ರಕ್ಕೆ ಸಂಬಂಧಿಸಿದ ಹನ್ನೊಂದೂ ದಾವೆಗಳ ಬಗ್ಗೆ ಉಭಯ ಪಕ್ಷಗಳು ರಾಜಿಯಾಗಿವೆ.

“ಇದರಲ್ಲಿ ಏನಾದರೂ ಸುಳ್ಳಿದೆಯೇ ವಕೀಲರೇ?”

ಓದಿದೆ. ಕನ್ನಡಕ ಒರೆಸಿಕೊಂಡು ಮತ್ತೆ ಓದಿದೆ. ಒಂದಕ್ಷರ ತಪ್ಪಿರಲಿಲ್ಲ. ಪಾದ್ರಿಗಳೇ ಬಂದರೂ ನನ್ನನ್ನು ಬೆಂಚಿನ ಮೇಲೆ ನಿಲ್ಲಿಸುವಂತಿರಲಿಲ್ಲ.

“ಇಲ್ಲ” ಎಂದೆ.

ಷಡ್ಡಕ ಆ ಸಾಲನ್ನು ಎರಡು ಸಲ ಗಟ್ಟಿಯಾಗಿ ಓದಿಸಿಕೊಂಡು, ಎದೆ ಉಬ್ಬಿಸಿ ಸಹಿ ಮಾಡಿದ. ಮಂಡಿಯಲ್ಲಿ ತೋರಿಸಲು ಒಂದು ಪ್ರತಿ ಹೆಚ್ಚಿಗೆ ಬೇಕೆಂದ. ಕೊಟ್ಟರು.

ಮೆಟ್ಟಿಲಿಳಿಯುವಾಗ ಕಾರ್ಖಾನೆಯವರು ಒಪ್ಪಂದವನ್ನು ಎರಡೂ ಕೈಯಲ್ಲಿ ಹಿಡಿದಿದ್ದರು.

“ಸಾಹೇಬ್ರ, ಹನ್ನೊಂದೂ ಮುಗದ್ವಲ್ಲ?”

“ಮುಗಿದವು.”

“ಕೋರ್ಟ್ ಫೀ ಎಷ್ಟಾತ್ರಿ ಒಟ್ಟು?”

“ಏನೂ ಇಲ್ಲ. ಕೋರ್ಟಿಗೆ ಹೋಗಲೇ ಇಲ್ಲವಲ್ಲ. ನಿಮ್ಮ ಪ್ರೆಸ್ಸಿನ ಹಣ ಹಾಗೆಯೇ ಇದೆ.”

ಅವರು ಮೆಟ್ಟಿಲ ಮೇಲೆಯೇ ನಿಂತರು. ಮುಖದಲ್ಲಿ ಸಂತೋಷ ಬಂದು, ಹಿಂದೆಯೇ ಏನೋ ಪಶ್ಚಾತ್ತಾಪವೂ ಬಂದು ಸೇರಿಕೊಂಡಿತು.

“ಇಷ್ಟು ಸೋವಿ ಅದ ಅಂತ ಮೊದ್ಲೇ ಹೇಳಬೇಕಿಲ್ಲೇನ್ರಿ!” ಎಂದರು. “ಇಪ್ಪತ್ತು ಹಾಕಿಸ್ತಿದ್ದೆ.”